ಹೈಸ್ಕೂಲಿನ ಇಂಗ್ಲಿಷ್ ಪುನರಾವರ್ತನೆಗೆ ಕನ್ನಡದ ಆಸರೆ

ಮುಂಬಯಿ ಕನ್ನಡಿಗರ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ರಾತ್ರಿಶಾಲೆಗಳಿಗೆ ವಿಶಿಷ್ಟ ಸ್ಥಾನವಿದೆ. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿ ರಾತ್ರಿಶಾಲೆಯನ್ನು ಆರಂಭಿಸಿತು. ಮುಂದೆ ಮಹಾನಗರದಲ್ಲಿ ಇಂಥ ಹಲವು ಶಾಲೆಗಳು ತಲೆಯೆತ್ತಿದವು. ಹಗಲಿಡೀ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಸಂಜೆ ಪುಸ್ತಕ ಹಿಡಿದು ಅಲ್ಲಿಗೆ ಬಂದರು. ಅವರ ಪಾಲಿಗೆ ಎಸ್ಸೆಸ್ಸಿ ಪರೀಕ್ಷೆಯು ಕಚೇರಿಯ ಉದ್ಯೋಗಕ್ಕೆ ತೆರೆಯುವ ಬಾಗಿಲು. ಆ ಬಾಗಿಲಿನ ಬಿಗಿಯಾದ ಅಗುಳಿ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗೆ ಇಂದಿಗೂ ಆ ಅಳುಕು ತಪ್ಪಿಲ್ಲ.

ಪರೀಕ್ಷೆ ಸಮೀಪಿಸಿದಾಗ ಪರಿಭಾಷೆಗಳನ್ನು ಕಂಠಪಾಠ ಮಾಡಿಸುವುದು ರೂಢಿ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ವಿದ್ಯಾರ್ಥಿಯು ಕನ್ನಡದ ಪಾಠದಲ್ಲಿ ಈಗಾಗಲೇ ಕಲಿತಿರುತ್ತಾನೆ. ಎರಡು ಭಾಷೆಗಳು ಕೂಡುವ ಮತ್ತು ಅಗಲುವ ಸ್ಥಳಗಳನ್ನು ತೋರಿಸಿಕೊಟ್ಟರೆ ಪುನರಾವರ್ತನೆಯು ಅರ್ಥಪೂರ್ಣವಾಗುತ್ತದೆ.

ವ್ಯಾಕರಣ

'ಹುಡುಗನು ಚಹಾ ತಂದನು' ಎಂಬುದು ಕರ್ತರಿ ಪ್ರಯೋಗ. 'ಹುಡುಗನಿಂದ ಚಹಾ ತರಲ್ಪಟ್ಟಿತು' ಎಂಬುದು ಕರ್ಮಣಿ ಪ್ರಯೋಗ. ಆ್ಯಕ್ಟಿವ್ ಮತ್ತು ಪ್ಯಾಸಿವ್ ವಾಯ್ಸ್ ಇವೇ. ಕನ್ನಡದಲ್ಲಿ 'ಅಲ್ಪಡು' ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ 'ಬಿ' ಸಹಾಯಕ ಕ್ರಿಯಾಪದವೂ ಕ್ರಿಯೆಯ ಮೂರನೆಯ ರೂಪವೂ ಸೇರಿ ಮಾಡುತ್ತವೆ. ನಮ್ಮ ವಿಭಕ್ತಿ ಪ್ರತ್ಯಯವು ನಾಮಪದದ ಹಿಂದೆ ಹತ್ತಿದರೆ, ಅವರ ಪ್ರಿಪೊಸಿಷನ್ ಮುಂದೆ ನಿಲ್ಲುತ್ತದೆ: 'ಮನೆಯಲ್ಲಿ', 'ಇನ್ ದ ಹೌಸ್'.

ಹೆಚ್ಚಿನ ಎಡವಟ್ಟು ಆಗುವುದು ರಿಪೋರ್ಟೆಡ್ ಸ್ಪೀಚ್‌ನಲ್ಲಿ. 'ನಾನು ಬರುತ್ತೇನೆ ಎಂದು ಅವನು ಹೇಳಿದನು' ಎನ್ನುವಾಗ ಕನ್ನಡದ 'ಎಂದು' ಆಡಿದ ಮಾತನ್ನು ಇದ್ದಂತೆಯೇ ಉಳಿಸುತ್ತದೆ. ಇಂಗ್ಲಿಷಿನಲ್ಲಿ ಸರ್ವನಾಮವೂ ಕಾಲವೂ ಬದಲಾಗಿ 'ಹಿ ಸೆಡ್ ದಟ್ ಹಿ ವುಡ್ ಕಮ್' ಎಂದಾಗಬೇಕು. ವಿದ್ಯಾರ್ಥಿಯು 'ದಟ್' ಬರೆದ ಮೇಲೂ 'ಐ ವಿಲ್ ಕಮ್' ಎಂದು ಮುಂದುವರಿಸಿದರೆ ಅದು ದಡ್ಡತನವಲ್ಲ, ತಾಯ್ನುಡಿಯ ನಿಯಮಕ್ಕೆ ತೋರಿದ ನಿಷ್ಠೆ. ಕಾರಣವನ್ನು ತಿಳಿಸಿದರೆ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆ.

ಕಾವ್ಯ ಪರಿಭಾಷೆ

ಸಿಮಿಲಿಯು ನಮ್ಮ ಉಪಮೆ, ಮೆಟಫರ್ ರೂಪಕ, ಹೈಪರ್‌ಬೊಲಿ ಅತಿಶಯೋಕ್ತಿ. 'ಮಳೆಗಾಲದ ಕಡಲು ಸಿಂಹದಂತೆ ಗರ್ಜಿಸಿತು' ಎಂಬಲ್ಲಿ ಕಡಲು ಉಪಮೇಯ, ಸಿಂಹ ಉಪಮಾನ, 'ಅಂತೆ' ವಾಚಕ, ಗರ್ಜನೆ ಸಮಾನಧರ್ಮ. ಇಂಗ್ಲಿಷ್ ಕವಿತೆಯಲ್ಲೂ ಈ ನಾಲ್ಕನ್ನು ಹುಡುಕಿದರೆ ಸಾಕು. ವಾಚಕದ ಜಾಗದಲ್ಲಿ 'ಲೈಕ್' ಅಥವಾ 'ಆ್ಯಸ್' ದೊರೆಯುತ್ತದೆ. ಹೋಲಿಕೆಯನ್ನು ಬಿಟ್ಟು ಎರಡನ್ನೂ ಒಂದೇ ಎಂದರೆ ಅದು ಮೆಟಫರ್.

ಆದರೆ ಎಲ್ಲ ಪದಗಳೂ ಹೀಗೆ ಕೈಕೂಡುವುದಿಲ್ಲ. ಹಳಗನ್ನಡದ ಪ್ರಾಸವು ಸಾಲಿನ ಎರಡನೆಯ ಅಕ್ಷರದಲ್ಲಿರುತ್ತದೆ. ಇಂಗ್ಲಿಷಿನ ರೈಮ್ ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ ಬರುವ ಅಂತ್ಯಪ್ರಾಸ. ಆ ದ್ವಿತೀಯಾಕ್ಷರ ಪ್ರಾಸವನ್ನು 1911ರಲ್ಲಿ ಕೈಬಿಟ್ಟವರು ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕವಿ ಗೋವಿಂದ ಪೈಗಳು. ಹತ್ತನೆಯ ತರಗತಿಯ ಕವಿತಾ ರಸಗ್ರಹಣದಲ್ಲಿ ರೈಮ್ ಸ್ಕೀಮ್ ಕೇಳಿದಾಗ ಸಾಲಿನ ಕೊನೆಯ ಪದಗಳನ್ನೇ ನೋಡಬೇಕು. ಪರ್ಸಾನಿಫಿಕೇಶನ್ ಕೂಡ ಹೀಗೆಯೇ. 'ಸೂರ್ಯನು ಉದಯಿಸಿದನು' ಎಂಬುದು ನಮಗೆ ನಿತ್ಯದ ಮಾತು. ಇಂಗ್ಲಿಷ್ ಕವಿತೆಯು ಸೂರ್ಯನನ್ನು 'ಹಿ' ಎಂದು ಕರೆದರೆ ಅದನ್ನು ಮಾನವೀಕರಣವೆಂದು ಗುರುತಿಸಬೇಕು.

ಮಹಾನಗರದ ಕನ್ನಡ ಶಾಲೆಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಇಳಿಮುಖವಾಗಿದೆ. ಕನ್ನಡದಲ್ಲಿ ಓದಿದರೆ ಇಂಗ್ಲಿಷ್ ಬಾರದೆಂಬ ಪಾಲಕರ ಭಯವೂ ಇದಕ್ಕೊಂದು ಕಾರಣ. ಕನ್ನಡದ ವ್ಯಾಕರಣವನ್ನು ಚೆನ್ನಾಗಿ ಬಲ್ಲ ಮಗುವಿಗೆ ಇಂಗ್ಲಿಷಿನ ದಾರಿ ಅರ್ಧ ಸವೆದಿರುತ್ತದೆ ಎಂಬುದನ್ನು ತರಗತಿಯಲ್ಲಿ ತೋರಿಸಿಕೊಡುವುದೇ ಆ ಭಯಕ್ಕೆ ತಕ್ಕ ಉತ್ತರ.