ಕಡತ ಒರೆಸಿದ ಕರಣಿಕ

ನೆಲೆಯಾದ ನೌಕರಿಯನ್ನು ಬಿಟ್ಟು, ಮನೆಯಲ್ಲಿಯೇ ಕುಳಿತು ತನಗೆ ಒಪ್ಪಿದ ಕೆಲಸವನ್ನು ಮಾಡಿಕೊಂಡಿರಬಹುದೇ? 2020ರ ಮಹಾಮಾರಿಯ ಕಾಲದಲ್ಲಿ ಕಚೇರಿಗಳೇ ಮನೆಯೊಳಗೆ ಬಂದ ಮೇಲೆ ಹೊಸಪೇಟೆ, ಸಂಡೂರು, ಕಂಪ್ಲಿಗಳ ಮನೆಗಳಲ್ಲಿಯೂ ಈ ಪ್ರಶ್ನೆ ಕೇಳಿಬರುತ್ತಿದೆ. ಆದರೆ ಪ್ರಶ್ನೆ ಹೊಸದಲ್ಲ. ನಮ್ಮ ಹಂಪೆಯ ಹರಿಹರ ಕವಿ ಸುಮಾರು ಎಂಟುನೂರು ವರ್ಷಗಳ ಹಿಂದೆಯೇ ಇದನ್ನು ಎದುರಿಸಿದ್ದನು.

ಹಂಪೆ ಎಂದೊಡನೆ ತಮ್ಮ ಕಣ್ಣ ಮುಂದೆ ವಿಜಯನಗರದ ವೈಭವ ನಿಲ್ಲುವುದು ಸಹಜ. ಆ ರಾಜ್ಯ ಹುಟ್ಟಿದುದು 1336ರಲ್ಲಿ. ವಿರೂಪಾಕ್ಷನ ಗುಡಿಗೆ ಕೃಷ್ಣದೇವರಾಯನು ರಂಗಮಂಟಪವನ್ನು ಕಟ್ಟಿಸಿದುದು 1510ರಲ್ಲಿ. ಹರಿಹರನ ಕಾಲಕ್ಕೆ ಹಂಪೆ ಪುಣ್ಯಕ್ಷೇತ್ರ, ರಾಜಧಾನಿಯಲ್ಲ. ಅರಮನೆ, ಅಧಿಕಾರ, ಸಂಬಳಗಳಿದ್ದುದು ಹೊಯ್ಸಳರ ದೋರಸಮುದ್ರದಲ್ಲಿ, ಎಂದರೆ ಈಗಿನ ಹಳೇಬೀಡಿನಲ್ಲಿ. ಅಲ್ಲಿ ನರಸಿಂಹ ಬಲ್ಲಾಳನ ಆಸ್ಥಾನದಲ್ಲಿ ಹರಿಹರನು ಲೆಕ್ಕ ಬರೆಯುವ ಕರಣಿಕನಾಗಿದ್ದನೆಂಬುದು ಪರಂಪರೆಯ ಮಾತು.

ಒಂದು ದಿನ ಅವನು ಬರೆಯುತ್ತಿದ್ದ ಲೆಕ್ಕವನ್ನು ಎರಡೂ ಕೈಗಳಿಂದ ಉಜ್ಜಿ ಅಳಿಸಿಬಿಟ್ಟನಂತೆ. ಹಳೆಯ ಕಾಲದ ಕಡತವೆಂದರೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಕಪ್ಪುಮಾಡಿದ ಬಟ್ಟೆ. ಬಳಪದಲ್ಲಿ ಬರೆದುದು ಅಂಗೈಗೇ ಅಳಿಯುವುದು. ಅರಸನು ಕಾರಣ ಕೇಳಿದಾಗ, “ಹಂಪೆಯಲ್ಲಿ ವಿರೂಪಾಕ್ಷನ ಮುಂದಿನ ತೆರೆಗೆ ಕಿಡಿ ತಾಗಿತ್ತು, ನಂದಿಸಿದೆ” ಎಂದನಂತೆ. ವಿಚಾರಿಸಿ ನೋಡಲು ಅದು ನಿಜವಾಗಿತ್ತು. ಅರಸನು ಬೆರಗಾದನು, ಹರಿಹರನು ಉದ್ಯೋಗವನ್ನು ಬಿಟ್ಟು ಹಂಪೆಗೆ ಬಂದನು.

ಇದರಲ್ಲಿನ ಪವಾಡವನ್ನು ನಂಬುವುದು, ಬಿಡುವುದು ತಮಗೆ ಸೇರಿದ್ದು. ಕಥೆಯ ಒಳಗಿನ ಸತ್ಯವನ್ನು ಮಾತ್ರ ಗಮನಿಸಬೇಕು. ಅವನ ಕೈ ದೋರಸಮುದ್ರದಲ್ಲಿತ್ತು, ಮನಸ್ಸು ಹಂಪೆಯಲ್ಲಿತ್ತು. ಒಂದೇ ಕೈ ಇಬ್ಬರು ಒಡೆಯರ ಲೆಕ್ಕವನ್ನು ಬರೆಯಲಾರದೆ ಹೋಯಿತು. ಅವನು ಬೇಸರದಿಂದ ಕೆಲಸ ಬಿಟ್ಟವನಲ್ಲ. ಬೇರೊಂದು ಕೆಲಸ ಆಗಲೇ ಅವನನ್ನು ಹಿಡಿದುಬಿಟ್ಟಿತ್ತು.

ಹಂಪೆಗೆ ಬಂದವನು ವಿಶ್ರಾಂತಿಗೆ ಕೂಡಲಿಲ್ಲ. ಹತ್ತು ಆಶ್ವಾಸಗಳ ‘ಗಿರಿಜಾಕಲ್ಯಾಣ’, ‘ಪಂಪಾಶತಕ’, ‘ರಕ್ಷಾಶತಕ’ಗಳಲ್ಲದೆ ಶಿವಶರಣರ ಮೇಲೆ ರಗಳೆಗಳ ರಾಶಿಯನ್ನೇ ಬರೆದನು. ಕೇಳುವ ಅಧಿಕಾರಿಯಿಲ್ಲದ ಮನೆಯಲ್ಲಿ ಇಷ್ಟು ದುಡಿಯಬೇಕಾದರೆ ತನಗೆ ತಾನೇ ಎಷ್ಟು ಬಿಗಿಯಾದ ಅಧಿಕಾರಿಯಾಗಿದ್ದನೋ ಊಹಿಸಿಕೊಳ್ಳಿ. ಮೇಲಾಗಿ, ಮನುಷ್ಯರನ್ನು ಹೊಗಳಿ ಬರೆಯುವುದಿಲ್ಲವೆಂಬ ವ್ರತ ಬೇರೆ. ಆ ಕಾಲದ ಕವಿಗೆ ಅದು ಜೀವನೋಪಾಯದ ಹೆದ್ದಾರಿಯನ್ನೇ ಮುಚ್ಚಿಕೊಂಡಂತೆ.

ಆ ಬಾಗಿಲು ಇನ್ನೊಮ್ಮೆ ತೆರೆದುದು ಅವನ ಸ್ವಂತ ಮನೆಯಲ್ಲಿಯೇ. ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ವನ್ನು ಬರೆದು ರಾಜಸಭೆಯಲ್ಲಿ ಓದಿದಾಗ, ನರನನ್ನು ಕುರಿತು ಬರೆದನೆಂದು ಹರಿಹರನು ಹಲ್ಲು ಉದುರುವಂತೆ ಹೊಡೆದನೆಂಬ ಕಥೆಯಿದೆ. ಆ ಸಿಟ್ಟನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಅರಮನೆಯನ್ನು ಬಿಡುವುದು ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ನೌಕರಿ ಬಿಡುವುದೇ ಮೇಲೆಂದು ಹರಿಹರನ ಮತವೇ? ಅವನ ರಗಳೆಗಳನ್ನೇ ಕೇಳೋಣ. ‘ಬಸವರಾಜದೇವರ ರಗಳೆ’ಯ ನಾಯಕನು ಬಿಜ್ಜಳನ ಭಂಡಾರಿ, ಅರಸನ ಬೊಕ್ಕಸದ ಲೆಕ್ಕವನ್ನು ಹೊತ್ತುಕೊಂಡೇ ಶಿವಭಕ್ತನಾದವನು. ಕುಂಬಾರ ಗುಂಡಯ್ಯನಾದರೋ ಮನೆಯಲ್ಲಿ ಮಡಕೆ ತಟ್ಟುತ್ತಿದ್ದವನು. ಆ ಸದ್ದಿಗೆ ಶಿವನೇ ಕುಣಿದನೆಂದು ಹರಿಹರನು ಹಾಡಿದ್ದಾನೆ. ತಾನು ಲೆಕ್ಕವನ್ನು ಬಿಟ್ಟು ಬಂದರೂ, ಬಿಡದೆ ಇದ್ದವನನ್ನು ಅವನು ಅಷ್ಟೇ ಆದರದಿಂದ ಕಂಡನು.

ಆದುದರಿಂದ, ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುವವರು ಕಚೇರಿ ಬೇಸರವಾಗಿದೆಯೇ ಎಂದಷ್ಟೇ ಕೇಳಿಕೊಂಡರೆ ಸಾಲದು. ಮನೆಯಲ್ಲಿ ಕಾದಿರುವ ಕೆಲಸ ಯಾವುದು, ಅದು ಈಗಾಗಲೇ ಕೈ ಹಿಡಿದಿದೆಯೇ, ಅದಕ್ಕಾಗಿ ಯಾವ ಗಳಿಕೆಯನ್ನು ಬಿಡಲು ಸಿದ್ಧ ಎಂಬುದನ್ನು ಮನೆಯವರೊಡನೆ ಕುಳಿತು ಯೋಚಿಸಬೇಕು. ಉತ್ತರ ದೊರೆಯದಿದ್ದರೆ ಭಂಡಾರಿಯ ಕೆಲಸದಲ್ಲಿ ಇರುವುದೂ ಗೌರವದ ಬಾಳೇ.