ಕೂಲಿ ಏರಿದ್ದಕ್ಕೇ ಬೀರು ದುಬಾರಿಯಾಯಿತೇ? ತಗಡಿನ ಕೆಲಸದ ಲೆಕ್ಕ ಹೀಗಿದೆ

‘ಕೂಲಿ ಸಿಕ್ಕಾಪಟ್ಟೆ ಏರಿದೆ, ಅದಕ್ಕೇ ಬೀರು, ಟ್ರಂಕು ಎಲ್ಲವೂ ದುಬಾರಿ’ ಎಂಬ ಮಾತು ಅಂಗಡಿಯಲ್ಲೂ ಕೇಳಿಸುತ್ತದೆ, ವಾಟ್ಸ್ಆ್ಯಪ್‌ನಲ್ಲೂ ಓಡಾಡುತ್ತದೆ. ಕೂಲಿ ಏರಿರುವುದು ನಿಜ. ಆದರೆ ಆ ‘ಅದಕ್ಕೇ’ ಎಂಬ ಪದವನ್ನು ನಾವು ಒಪ್ಪುವುದಿಲ್ಲ.

ಒಂದು ಗಂಟೆಯ ಕೂಲಿ ಬೇರೆ, ಒಂದು ವಸ್ತುವಿನ ಮೇಲೆ ಬೀಳುವ ಕೂಲಿ ಬೇರೆ. ಬರೀ ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಗಂಟೆಗೆ 50 ರೂಪಾಯಿ ಪಡೆಯುವವರು 10 ತುಂಡು ಕತ್ತರಿಸಿದರೆ ತುಂಡಿಗೆ 5 ರೂಪಾಯಿ. ಕೂಲಿ 100 ಆಗಿ, ಹೊಸ ಯಂತ್ರದಲ್ಲಿ 50 ತುಂಡು ಬಂದರೆ ತುಂಡಿಗೆ 2 ರೂಪಾಯಿ. ಕೂಲಿ ದುಪ್ಪಟ್ಟಾದರೂ ಪ್ರತಿ ತುಂಡಿನ ಕೂಲಿವೆಚ್ಚ ಇಳಿಯಿತು.

ತಗಡು ಕತ್ತರಿಸುವ ಕೆಲಸದಲ್ಲಿ ಆಗಿದ್ದೂ ಇದೇ. ಮೊದಲು ಗೆರೆ ಎಳೆದು, ಕತ್ತರಿ ಹಾಕಿ, ಒಂದೊಂದೇ ತೂತು ಕೊರೆಯಬೇಕಿತ್ತು. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ರೂಪಿಸಿದವರು ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಮೂರೇ ವರ್ಷಕ್ಕೆ, 1967ರಲ್ಲಿ, ಇಂಗ್ಲೆಂಡಿನಲ್ಲಿ ಅಂಥ ಲೇಸರ್ ಜೊತೆ ಆಮ್ಲಜನಕ ಹಾಯಿಸಿ 1 ಮಿ.ಮೀ. ಉಕ್ಕು ಕತ್ತರಿಸಿ ತೋರಿಸಿದರು. ಇಂದು ಕಂಪ್ಯೂಟರ್ ನಕ್ಷೆ ಕೊಟ್ಟರೆ ಕತ್ತರಿಸುವುದೂ ತೂತೂ ಒಂದೇ ಓಟದಲ್ಲಿ ಮುಗಿಯುತ್ತವೆ.

ಬೆಸುಗೆ, ಉಜ್ಜುವುದು, ಬಣ್ಣ, ಕೀಲು ಬೀಗ ಕೂರಿಸುವುದು ಅಷ್ಟು ವೇಗ ಪಡೆದಿಲ್ಲ. ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇವು ಈಗಲೂ ಕೈಕೆಲಸವೇ. ಕೂಲಿ ಏರಿದ್ದು ಇಲ್ಲಿ ನೇರವಾಗಿ ತಟ್ಟುತ್ತದೆ. ಇನ್ನೊಂದು, ಯಂತ್ರಕ್ಕೆ ನಕ್ಷೆ ಹಾಕಿ ಅಚ್ಚು ಹೊಂದಿಸುವ ಸಮಯ ಒಂದು ತುಂಡಿಗೂ ಐನೂರಕ್ಕೂ ಹೆಚ್ಚುಕಡಿಮೆ ಒಂದೇ. ನಿಮಗಾಗಿ ಒಂದೇ ಒಂದು ಪೆಟ್ಟಿಗೆ ಮಾಡಿಸಿದರೆ ದರ ಹೆಚ್ಚು ಕೇಳುವುದು ಮೋಸವೇ ಆಗಬೇಕಿಲ್ಲ.

ಉಳಿದದ್ದು ಉಕ್ಕಿನ ಬೆಲೆ. ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. 1 ಚದರ ಮೀಟರ್ ಅಗಲದ, 1 ಮಿ.ಮೀ. ದಪ್ಪದ ಉಕ್ಕಿನ ತಗಡು 7.85 ಕೆ.ಜಿ. ತೂಗುತ್ತದೆ. 2 ಮೀಟರ್ ಎತ್ತರ, 1 ಮೀಟರ್ ಅಗಲ, ಅರ್ಧ ಮೀಟರ್ ಆಳದ, ನಾಲ್ಕು ಅರೆಗಳ ಬೀರುವಿಗೆ ಸುಮಾರು 9 ಚದರ ಮೀಟರ್ ತಗಡು ಬೇಕು. 0.8 ಮಿ.ಮೀ. ದಪ್ಪ ಎಂದರೆ ಸುಮಾರು 56 ಕೆ.ಜಿ. ಉಕ್ಕು ಕೆ.ಜಿ.ಗೆ 10 ರೂಪಾಯಿ ಏರಿದರೆ ಒಬ್ಬರ ಕೂಲಿಯೂ ಏರದೆ ಬೀರುವಿನ ವೆಚ್ಚ 560 ರೂಪಾಯಿ ಮೇಲೇರುತ್ತದೆ. (ಕತ್ತರಿಸಿ ಉಳಿಯುವ ಚೂರು ಬೇರೆ.)

ಈ ಯಾವ ಬಿಲ್ಲಿನಲ್ಲೂ ಕಾಣದ ವೆಚ್ಚವೊಂದಿದೆ. ಹರಿಯಾಣದ ಗುರುಗ್ರಾಮ, ಮಾನೇಸರ್ ಸುತ್ತಲಿನ ವಾಹನ ಬಿಡಿಭಾಗ ಕಾರ್ಖಾನೆಗಳ ಗಾಯಾಳುಗಳ ಜೊತೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ ‘ಕ್ರಶ್ಡ್’ ಎಂಬ ವರದಿಗಳನ್ನು ಪ್ರಕಟಿಸುತ್ತಿದೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವುದು ತಗಡು ಒತ್ತುವ ಪವರ್ ಪ್ರೆಸ್‌ಗೆ ಸಿಕ್ಕಿ ಹೋದ ಬೆರಳುಗಳು. ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸೆನ್ಸರ್ ಇದೆ. ಅದನ್ನು ಹಾಕದೆ ಉಳಿಸಿದ ಹಣವೂ ‘ಅಗ್ಗದ ಕೂಲಿ’ಯ ಲೆಕ್ಕಕ್ಕೇ ಸೇರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಅನೇಕರಿಗೆ ಇಎಸ್‌ಐ ಕಾರ್ಡ್ ಸಿಕ್ಕಿದ್ದು ಅಪಘಾತದ ನಂತರ ಎಂದೂ ಆ ವರದಿಗಳು ಹೇಳುತ್ತವೆ. ನಿಮ್ಮ ಮನೆಯವರು ಯಾರಾದರೂ ಪ್ರೆಸ್ ಶಾಪ್‌ಗೆ ಹೋಗುತ್ತಿದ್ದರೆ, ವಿಮಾ ಸಂಖ್ಯೆ ಕೈಗೆ ಬಂದಿದೆಯೇ ಎಂದು ಇವತ್ತೇ ಕೇಳಿ.