ಲಾಲ್‌ಬಾಗ್ ಬ್ರಿಟಿಷರು ಕೊಟ್ಟ ಉಡುಗೊರೆಯೇ?

ಸಮೇತನಹಳ್ಳಿ ಕಡೆಯಿಂದ ಫ್ಲವರ್ ಶೋಗೆ ಹೋಗಿ ಬಂದವರ ಸ್ಟೇಟಸ್‌ನಲ್ಲೂ 'ಬ್ರಿಟಿಷರ ಉಡುಗೊರೆ' ಎಂಬ ಸಾಲು ಕಂಡೀತು. ಇದು ಅರ್ಧ ಸತ್ಯ ಅಷ್ಟೇ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲಿಟ್ಟದ್ದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್, ನಿಜ. ಆದರೆ ತೋಟ ಶುರು ಮಾಡಿದ್ದು ಹೈದರ್ ಅಲಿ, 1760ರಲ್ಲಿ. ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ್ದು ಟಿಪ್ಪು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಲಾಲ್‌ಬಾಗ್ ಕೂಡ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಅದರ ಸಸ್ಯತಜ್ಞ ಬೆಂಜಮಿನ್ ಹೇನ್ ಉಸ್ತುವಾರಿಗೆ ಬಂದ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಗೆ ಕಳಿಸಿದ. ಬರೀ ಗಿಡ ನೋಡಲು ಬಂದವನು ಎಂದುಕೊಳ್ಳಬೇಡಿ. ರಾಗಿ ಹೊಲ, ಕೆರೆ, ಮಣ್ಣು, ನೇಯ್ಗೆ, ಕಂದಾಯ, ಎಲ್ಲವನ್ನೂ ಊರೂರು ಸುತ್ತಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಗೆದ್ದ ನೆಲದಲ್ಲಿ ಏನು ಬೆಳೆಯುತ್ತದೆ, ಅದರಿಂದ ಎಷ್ಟು ಹುಟ್ಟುತ್ತದೆ ಎಂಬ ಲೆಕ್ಕ ಕಂಪನಿಗೆ ಬೇಕಿತ್ತು. (ಆ ಕಾಲದ ನಮ್ಮ ಬೇಸಾಯ ತಿಳಿಯಲು ಇಂದಿಗೂ ಅದೇ ಪುಸ್ತಕ ತೆರೆಯಬೇಕು, ಅದೊಂದು ವಿಪರ್ಯಾಸ.)

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವಾಯಿತು. ಆಮೇಲೆ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದವರೇ ಮೇಲ್ವಿಚಾರಕರಾಗಿ ಬಂದರು. ಮೆಕ್ಸಿಕೋ ಕಡೆಯ ಸೀಮೆಬದನೆ ನಮ್ಮ ಸಾಂಬಾರಿಗೆ ಬಂದದ್ದೂ ಇದೇ ತೋಟದ ದಾರಿಯಲ್ಲಿ. ತಮಿಳರು ಅದನ್ನು ಇವತ್ತಿಗೂ 'ಬೆಂಗಳೂರು ಬದನೆ' ಎನ್ನುತ್ತಾರೆ.